ಚೆಂಡು ಎತ್ತಿಕೊಂಡು ಓಡಿಹೋಗುವ ನಾಯಿ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಮನೆಯ ಹಾಲ್‌ನಲ್ಲಿ ಎಸೆದರೆ ಪ್ರತಿ ಸಲವೂ ತಂದು ಕೊಡುತ್ತದೆ. ಹೊರಗೆ ಕರೆದುಕೊಂಡು ಹೋದರೆ ಚೆಂಡು ಕಚ್ಚಿಕೊಂಡು ಮೈದಾನದ ಆ ತುದಿಗೆ ಓಡುತ್ತದೆ. ಇಲ್ಲವೇ ಅರ್ಧ ದಾರಿಯಲ್ಲಿ ಬೀಳಿಸಿ ಏಡಿ ಹುಡುಕಲು ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಎಳೆ ಲ್ಯಾಬ್ರಡಾರ್ ಸಾಕಿದವರ ದೊಡ್ಡ ಮಂಡೆಬಿಸಿ ಇದೇ.

ಇದಕ್ಕೆ ಹೆಚ್ಚಿನವರು ಮಾಡುವ ಮದ್ದು ಇನ್ನೂ ಜಾಸ್ತಿ ಎಸೆಯುವುದು, ಇನ್ನೂ ಜೋರಾಗಿ ಕರೆಯುವುದು. ಎರಡರಿಂದಲೂ ತೊಂದರೆ ಬಲಿಯುತ್ತದೆ. ಓಡುವುದನ್ನು ನಾಯಿಗೆ ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ವಾಪಸ್ ಬರುವುದನ್ನು. ನಾವು ದಿನಾ ಅಭ್ಯಾಸ ಮಾಡಿಸುವುದು ಮಾತ್ರ ಎಸೆತವನ್ನು.

ಎಸೆದದ್ದನ್ನು ತರುವುದು ನಮ್ಮ ಕಣ್ಣಿಗೆ ಒಂದೇ ಕೆಲಸ. ನಾಯಿಗೆ ಅದು ಏಳು: ಎಸೆಯುವವರೆಗೆ ಕಾಯಬೇಕು, ಬಿದ್ದ ಜಾಗ ನೋಡಿಕೊಳ್ಳಬೇಕು, ಓಡಬೇಕು, ಹುಡುಕಬೇಕು, ಎತ್ತಬೇಕು, ತಿರುಗಿ ಬರಬೇಕು, ಕೈಗೆ ಕೊಡಬೇಕು. ಇದರಲ್ಲಿ ಮೊದಲು ಕೈಕೊಡುವುದು ಯಾವುದು ಎಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿಯಿತು. ಕೊನೆಗೆ ಕಾಣುವ ತಪ್ಪನ್ನು ಸರಿ ಮಾಡಲು ಹೋಗಬೇಡಿ. ಮೊದಲು ತಪ್ಪಿದ್ದನ್ನು ಹಿಡಿಯಿರಿ.

ತರಬೇತಿಗಿಂತ ಮುಂಚೆ: ಬಾಯಿ, ಕಾಲು, ಕಿವಿ

ನಾಲ್ಕರಿಂದ ಏಳು ತಿಂಗಳ ಮರಿಯಾದರೆ ಮೊದಲ ಅನುಮಾನ ಹಲ್ಲಿನ ಮೇಲೆ. 28 ಹಾಲುಹಲ್ಲು ಬಿದ್ದು 42 ಹಲ್ಲು ಬರುವ ಕಾಲ ಅದು. ವಸಡು ನೋಯುತ್ತಿರುವಾಗ ಗಟ್ಟಿ ರಬ್ಬರ್ ಚೆಂಡು ಎತ್ತಿ ತಕ್ಷಣ ಉಗುಳುವುದು ಹಠ ಅಲ್ಲ. ಮೆತ್ತಗಿನ ಬಟ್ಟೆಯ ಗೊಂಬೆ ಕೊಟ್ಟು ನೋಡಿ. ಅದನ್ನು ಹಿಡಿದುಕೊಂಡರೆ ಉತ್ತರ ಸಿಕ್ಕಿತು. ಹಲ್ಲು ಪೂರ್ತಿ ಬರುವವರೆಗೆ ಹಗ್ಗ ಎಳೆದಾಡುವ ಆಟ ಬೇಡ.

ದೊಡ್ಡದಾದರೆ ಬಾಯಿ ತೆರೆದು ಮೇಲಿನ ಅಂಗುಳ ನೋಡಿ. ನಮ್ಮ ಕಡೆ ಮೀನಿನ ಮುಳ್ಳು ಅಲ್ಲಿ ಅಡ್ಡ ಸಿಕ್ಕಿಕೊಳ್ಳುವುದು ಉಂಟು. ಕಾಲ್ಬೆರಳ ಸಂದಿಯಲ್ಲಿ ಮುಳ್ಳು, ಕಿವಿಯೊಳಗೆ ಉಣ್ಣಿ, ಇವನ್ನೂ ನೋಡಿ. ಮೊನ್ನೆಯವರೆಗೆ ಚೆನ್ನಾಗಿ ಆಡುತ್ತಿದ್ದ ನಾಯಿ ಒಮ್ಮೆಲೇ ಮಂಕಾಗಿದ್ದರೆ, ಊಟ ಬಿಟ್ಟಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಚೆಂಡು ಒಳಗಿಡಿ, ಪಶುವೈದ್ಯರ ಹತ್ತಿರ ಹೋಗಿ. ಉಣ್ಣಿ ಜ್ವರಕ್ಕೆ ತರಬೇತಿಯಲ್ಲಿ ಮದ್ದಿಲ್ಲ.

ಎಲುಬಿನ ಮಾತೂ ಒಂದಿದೆ. ದೊಡ್ಡ ತಳಿಯ ನಾಯಿಗಳ ಎಲುಬು ಬೆಳೆದು ಗಟ್ಟಿಯಾಗಲು 12ರಿಂದ 18 ತಿಂಗಳು ಬೇಕು. ಅಲ್ಲಿಯವರೆಗೆ ಚೆಂಡನ್ನು ಮೇಲಕ್ಕೆ ಎಸೆದು ಗಾಳಿಯಲ್ಲಿ ಹಾರಿ ಹಿಡಿಸುವ ಗಮ್ಮತ್ತು ಬೇಡ. ನೆಲದ ಮೇಲೆ ಉರುಳಿಸಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದರೆ ಅದರ ಮೇಲೆ ಓಡಿಸಲೇಬೇಡಿ. ತಿರುಗುವಾಗ ಕಾಲು ಜಾರುತ್ತದೆ, ನೋವಾದರೆ ಆಮೇಲೆ ಚೆಂಡು ಕಂಡರೇ ಹಿಂದೆ ಸರಿಯುತ್ತದೆ.

ಮೂರು ಪರೀಕ್ಷೆ

ಒಂದು ಸಲಕ್ಕೆ ಒಂದೇ ಸಂಗತಿ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಮೊದಲನೆಯದು, ಅದೇ ಚೆಂಡು, ಅದೇ ಮನುಷ್ಯ, ಆದರೆ ಗೇಟು ಹಾಕಿದ ಹಿತ್ತಿಲು. ಐದು ಹೆಜ್ಜೆ ದೂರಕ್ಕೆ ಉರುಳಿಸಿ. ಇಲ್ಲಿಯೂ ತರದಿದ್ದರೆ ತೊಂದರೆ ಹೊರಗಿನದ್ದಲ್ಲ. ಕಲಿಕೆಯೇ ಪೂರ್ತಿಯಾಗಿಲ್ಲ.

ಎರಡನೆಯದು, ತೊಂದರೆ ಕೊಡುವ ಜಾಗಕ್ಕೇ ಹೋಗಿ, ಆದರೆ ಉದ್ದ ಹಗ್ಗ ಕಟ್ಟಿ, ಅದೇ ಐದು ಹೆಜ್ಜೆ. ಇಲ್ಲಿ ತಂದರೆ ನಾಯಿಗೆ ವಿದ್ಯೆ ಗೊತ್ತಿದೆ, ದೂರ ಜಾಸ್ತಿಯಾಗಿತ್ತು ಅಷ್ಟೇ. ಚೆಂಡಿನ ಕಡೆ ನೋಡದೆ, ನಿಮ್ಮ ಕಡೆಯೂ ನೋಡದೆ ಮೂಗು ನೆಲಕ್ಕಿಟ್ಟು ನಿಂತರೆ ಆ ಜಾಗ ಇನ್ನೂ ಅದಕ್ಕೆ ಭಾರ.

ಮೂರನೆಯದು, ಅದೇ ಜಾಗ, ಅದೇ ದೂರ, ಬೇರೆ ವಸ್ತು. ಬಟ್ಟೆಯ ಡಮ್ಮಿ (ಚೆಂಡಿನ ಬದಲು ಎಸೆಯುವ ಬಟ್ಟೆಯ ಸುರುಳಿ) ತರುತ್ತದೆ, ಟೆನಿಸ್ ಚೆಂಡು ಮಾತ್ರ ಕೊಡುವುದಿಲ್ಲ ಎಂದಾದರೆ ಚೆಂಡು ಅದಕ್ಕೆ ತೀರಾ ಇಷ್ಟ ಎಂದರ್ಥ. ಕೆಲವು ಕಾಲ ಚೆಂಡನ್ನು ಬೀರುವಿನೊಳಗೆ ಇಡಿ.

ವಸ್ತುವಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ತೋಟದಲ್ಲಿ ಕೈಗೆ ಸಿಕ್ಕಿದ ಕೋಲು, ಕೊತ್ತಳಿಗೆ (ತೆಂಗಿನ ಗರಿಯ ಬುಡ) ತುಂಡು ಎಸೆಯುವ ಅಭ್ಯಾಸ ನಮ್ಮಲ್ಲಿ ತುಂಬಾ. ನೆಲಕ್ಕೆ ಕುತ್ತಿ ನಿಂತ ಕೋಲಿನ ಮೇಲೆ ನಾಯಿ ಓಡಿಬಂದು ಬಾಯಿ ಹಾಕಿದರೆ ಅದು ಗಂಟಲಿಗೇ ಚುಚ್ಚುತ್ತದೆ. ತೆಂಗಿನ ಸಿಪ್ಪೆಯ ನಾರು ನುಂಗಿದರೆ ಹೊಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳುವ ಅಪಾಯ. ಟೆನಿಸ್ ಚೆಂಡಿನ ಮೇಲ್ಮೈಗೆ ಮರಳು ಹಿಡಿದರೆ ಹಲ್ಲು ಉಜ್ಜಿ ಸವೆಯುತ್ತದೆ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಳಗೆ ಬಟ್ಟೆ ತುಂಬಿ, ಎರಡೂ ಬದಿ ಹೊಲಿದರೆ ಒಳ್ಳೆಯ ಡಮ್ಮಿ ಆಯಿತು. ಖರ್ಚಿಲ್ಲ. ಚೆಂಡೇ ಬೇಕೆಂದರೆ ಗಂಟಲಿಗೆ ಜಾರದಷ್ಟು ದೊಡ್ಡದು ತನ್ನಿ.

ಎತ್ತುತ್ತದೆ, ಆದರೆ ಬರುವುದಿಲ್ಲ

ಬರುವ ದೂರುಗಳಲ್ಲಿ ಬಹುಪಾಲು ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನಾಯಿ ಚೆಂಡು ಎತ್ತಿದ ಕೂಡಲೇ ನೀವು ಏನು ಮಾಡುತ್ತೀರಿ ಎಂದು ಮನೆಯವರ ಹತ್ತಿರ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ನಾಯಿಯನ್ನಲ್ಲ, ನಿಮ್ಮನ್ನು. ಹೆಚ್ಚಿನವರು ಆ ಹೊತ್ತಿಗೆ ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿ ಕೈ ಚಾಚಿರುತ್ತಾರೆ. ನಾಯಿಯ ಲೆಕ್ಕದಲ್ಲಿ ಅದು ‘ನಾನು ನಿನ್ನನ್ನು ಅಟ್ಟಿಸಿಕೊಂಡು ಬರುತ್ತೇನೆ, ಓಡು’ ಎಂಬ ಸೂಚನೆ. ಅದು ಖುಷಿಯಿಂದ ಓಡುತ್ತದೆ. ನೀವು ಹಿಂದೆ ಓಡಿದರೆ ಆಟಕ್ಕೆ ಕಳೆ ಬರುತ್ತದೆ. ಎಳೆ ನಾಯಿಯನ್ನು ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಗೆದ್ದ ಮನುಷ್ಯನನ್ನು ನಾನಂತೂ ನೋಡಿಲ್ಲ.

ಮಾಡಬೇಕಾದದ್ದು ಇದರ ತಿರುಗುಮುರುಗು. ಅದು ಎತ್ತಿದ ಕ್ಷಣ ನೀವು ಬೆನ್ನು ಹಾಕಿ ಆಚೆ ಕಡೆ ಓಡಿ. ಬೇಕಾದರೆ ಕೈ ತಟ್ಟಿ, ನಗಾಡಿ. ಅಕ್ಕಪಕ್ಕದವರು ಏನಂದುಕೊಂಡರೂ ತೊಂದರೆ ಇಲ್ಲ. ಹೆಚ್ಚಿನ ಎಳೆ ನಾಯಿಗಳು ಹಿಂದೆಯೇ ಬರುತ್ತವೆ. ಹತ್ತಿರ ಬಂದಾಗ ತಿರುಗಿ ಚೆಂಡಿಗೆ ಕೈ ಹಾಕಬೇಡಿ. ಎದೆ, ಕುತ್ತಿಗೆ ಸವರಿ, ಹೊಗಳಿ, ಸ್ವಲ್ಪ ಹೊತ್ತು ಚೆಂಡು ಅದರ ಬಾಯಲ್ಲೇ ಇರಲಿ.

ಯಾಕೆ ಅಂದರೆ ಎರಡನೆಯ ಕಾರಣ ಇಲ್ಲಿಯೇ ಇದೆ. ತಂದಾಗಲೆಲ್ಲ ಕಿತ್ತುಕೊಂಡರೆ, ತರುವುದು ಅಂದರೆ ಕಳೆದುಕೊಳ್ಳುವುದು ಎಂದು ನಾಯಿ ಕಲಿಯುತ್ತದೆ. ಇದಕ್ಕೆ ಒಂದೇ ತರಹದ ಎರಡು ವಸ್ತು ಇಟ್ಟುಕೊಳ್ಳಿ. ಒಂದನ್ನು ತಂದಾಗ ಇನ್ನೊಂದನ್ನು ಕೈಯಲ್ಲಿ ಆಡಿಸಿ. ಬಾಯಲ್ಲಿದ್ದದ್ದು ಬೀಳುತ್ತದೆ, ತಕ್ಷಣ ಎರಡನೆಯದನ್ನು ಎಸೆಯಿರಿ. ಈಗ ಲೆಕ್ಕ ಉಲ್ಟಾ ಆಯಿತು: ವಾಪಸ್ ಬಂದರೆ ಆಟ ಮುಂದುವರಿಯುತ್ತದೆ. ಸ್ಪಿಟ್ಜ್ ತರಹದ, ನಮ್ಮಲ್ಲಿ ಪೊಮೇರಿಯನ್ ಎಂದು ಕರೆಯುವ ನಾಯಿಗಳಿಗೆ ಆಟಕ್ಕಿಂತ ತಿಂಡಿ ಮೇಲು. ಬೇಯಿಸಿದ ಕೋಳಿಯ ಸಣ್ಣ ಚೂರು, ಮುಳ್ಳು ತೆಗೆದು ಉಪ್ಪು ಖಾರ ಇಲ್ಲದೆ ಬೇಯಿಸಿದ ಬೂತಾಯಿ ಮೀನು ಸಾಕು. ಮೀನು ತಿನ್ನದ ಮನೆಯಲ್ಲಿ ಪನೀರ್ ಚೂರು ಆಗುತ್ತದೆ. ಒಣಮೀನು ಬೇಡ, ಉಪ್ಪು ಜಾಸ್ತಿ.

ಮೂರನೆಯ ಕಾರಣ ‘ಬಾ’ ಎಂಬ ಕರೆ ಕೆಟ್ಟುಹೋಗಿರುವುದು. ಬಾ ಅಂದಾಗಲೆಲ್ಲ ಬೆಲ್ಟ್ ಹಾಕಿ ಮನೆಗೆ ಕರೆದುಕೊಂಡು ಹೋಗುತ್ತೀರಾ? ಸ್ನಾನ ಮಾಡಿಸುತ್ತೀರಾ? ಹಾಗಾದರೆ ನಾಯಿ ಬರದಿರುವುದರಲ್ಲಿ ಆಶ್ಚರ್ಯವೇನು. ಆಟದ ಮಧ್ಯೆ ಓದಲು ಕರೆದರೆ ಮಕ್ಕಳು ಕಿವುಡರಾಗುವುದಿಲ್ಲವೇ, ಹಾಗೆ. ಆಟದ ನಡುವೆ ಆಗಾಗ ಕರೆಯಿರಿ, ಬಂದಾಗ ತಿಂಡಿ ಕೊಟ್ಟು ಮತ್ತೆ ಓಡಲು ಬಿಡಿ. ಕೊನೆಯ ಕರೆ ಯಾವುದು ಎಂದು ಅದಕ್ಕೆ ಗೊತ್ತಾಗಬಾರದು.

ಈ ಊರಿನ ಮನೆಗಳಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಅಜ್ಜಿ ತುಳುವಿನಲ್ಲಿ ‘ಬಲ’ ಅನ್ನುತ್ತಾರೆ, ಅಪ್ಪ ‘ಬಾ’ ಅನ್ನುತ್ತಾರೆ, ಮಕ್ಕಳು ‘ಕಮ್’ ಅನ್ನುತ್ತಾರೆ, ಪಕ್ಕದ ಮನೆಯ ಬಾಯಮ್ಮ ಕೊಂಕಣಿಯಲ್ಲಿ ‘ಯೋ’ ಅನ್ನುತ್ತಾರೆ. ಮನೆಯೊಳಗೆ ನಾಯಿ ದನಿ, ಕೈ, ತಟ್ಟೆ ನೋಡಿ ಅಂದಾಜು ಮಾಡುತ್ತದೆ. ನೂರು ಅಡಿ ದೂರದಲ್ಲಿ, ಗಾಳಿಯಲ್ಲಿ, ಅಂದಾಜಿಗೆ ಏನೂ ಸಿಗುವುದಿಲ್ಲ. ಎಲ್ಲರೂ ಒಪ್ಪುವ ಒಂದು ಪದ ಆರಿಸಿ. ಅದಕ್ಕಿಂತ ಸುಲಭ ಎಂದರೆ ಸೀಟಿ. ಯಾರು ಊದಿದರೂ ಒಂದೇ ದನಿ, ಸಿಟ್ಟೂ ಅದರಲ್ಲಿ ಕೇಳುವುದಿಲ್ಲ. ಊಟದ ತಟ್ಟೆ ಇಡುವಾಗ ಸೀಟಿ ಊದಿ ಶುರು ಮಾಡಿ, ಆಮೇಲೆ ಹಿತ್ತಿಲು, ಆಮೇಲೆ ಹೊರಗೆ. ಒಂದೇ ಸಲ ಊದಿ. ಬರದಿದ್ದರೆ ಹತ್ತು ಸಲ ಊದುವುದರಿಂದ ಸೀಟಿಗೆ ಅರ್ಥವೇ ಇಲ್ಲ ಎಂದು ಕಲಿಸಿದಂತಾಗುತ್ತದೆ.

ಇನ್ನು ಹಗ್ಗ. ಹತ್ತು ಮೀಟರ್ ಉದ್ದದ ತೆಳ್ಳಗಿನ, ಗಟ್ಟಿ ಹಗ್ಗ ಬೇಕು. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಬಲೆ, ಹಗ್ಗ ಮಾರುವ ಅಂಗಡಿಯಲ್ಲಿ ವಿಚಾರಿಸಿ. ತುದಿಯಲ್ಲಿ ಕೈ ಹಿಡಿಯುವ ಕುಣಿಕೆ ಬೇಡ, ಬೇರಿಗೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಎದೆಯ ಸುತ್ತ ಹಾಕುವ ಹಾರ್ನೆಸ್‌ಗೆ ಕಟ್ಟಿ. ಕೈಗೆ ಸುತ್ತಿಕೊಳ್ಳಬೇಡಿ, ನಾಯಿ ಎಳೆದರೆ ಚರ್ಮ ಸುಲಿಯುತ್ತದೆ. ಹಗ್ಗದಿಂದ ಮೀನು ಎಳೆದಂತೆ ನಾಯಿಯನ್ನು ಎಳೆದು ತರುವುದಲ್ಲ. ಅದು ಆಚೆ ಓಡಿಹೋಗುವ ದಾರಿ ಮುಚ್ಚುವುದಷ್ಟೇ ಹಗ್ಗದ ಕೆಲಸ. ಬರುವುದು ಅದಾಗಿಯೇ ಬರಬೇಕು.

ಓಡುತ್ತದೆ, ಸಿಗದೆ ಬರಿಬಾಯಲ್ಲಿ ಬರುತ್ತದೆ

ಚೆಂಡಿನ ಬಣ್ಣ ಕೆಂಪೋ ಕೇಸರಿಯೋ ಆಗಿದ್ದರೆ ತಪ್ಪು ಅಂಗಡಿಯಲ್ಲೇ ಆಗಿದೆ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಹಸಿರು ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ನಮಗೆ ಎದ್ದು ಕಾಣುತ್ತದೆ, ಅದಕ್ಕೆ ಮಾಯ. ಹುಲ್ಲಿಗೂ ಮರಳಿಗೂ ನೀಲಿ ಒಳ್ಳೆಯದು.

ನಂತರ ಗಾಳಿ. ಕರಾವಳಿಯಲ್ಲಿ ಇದು ಸುಲಭ, ಯಾಕೆಂದರೆ ಗಾಳಿಗೆ ಇಲ್ಲಿ ಹೊತ್ತು ಗೊತ್ತು. ಮಳೆಗಾಲ ಬಿಟ್ಟರೆ ಹಗಲು ಏರುತ್ತಿದ್ದಂತೆ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ, ರಾತ್ರಿ ಮತ್ತು ನಸುಕಿನಲ್ಲಿ ನೆಲದಿಂದ ಕಡಲಿಗೆ. ಎಳೆ ನಾಯಿಗೆ ಗಾಳಿಗೆ ಎದುರಾಗಿ ಎಸೆಯಿರಿ. ಆಗ ವಾಸನೆ ಅದರ ಮೂಗಿಗೇ ಬರುತ್ತದೆ. ಅಂದರೆ ಸಂಜೆ ಗದ್ದೆಯಲ್ಲಿ ಪಡುವಣಕ್ಕೆ, ಬೆಳಗ್ಗೆ ಬೇಗ ಹೋದರೆ ಮೂಡಣಕ್ಕೆ. ಗಾಳಿಯ ಜೊತೆಗೆ ಎಸೆದರೆ ಚೆಂಡಿನ ಆಚೆ ಬದಿಗೆ ಹೋದ ಮೇಲೆಯೇ ವಾಸನೆ ಸಿಗುತ್ತದೆ. ಅಷ್ಟರಲ್ಲಿ ಅದಕ್ಕೆ ಬೇಜಾರಾಗಿರುತ್ತದೆ.

ಸಿಗದೆ ನಿಂತಾಗ ಕೂಡಲೇ ಬೆರಳು ತೋರಿಸಿ ಕೂಗಬೇಡಿ. ಪ್ರತಿ ಸಲ ಸಹಾಯ ಮಾಡಿದರೆ ನೆಲ ಮೂಸುವ ಬದಲು ತಿರುಗಿ ನಿಮ್ಮ ಮುಖ ನೋಡುವುದನ್ನು ಕಲಿಯುತ್ತದೆ. ಸುಮ್ನೆ ನಿಂತು ನೋಡಿ. ತೀರಾ ಸಿಗದಿದ್ದರೆ ನೀವೇ ಹತ್ತಿರ ಹೋಗಿ, ಇನ್ನೊಮ್ಮೆ ಹತ್ತಿರಕ್ಕೇ ಎಸೆಯಿರಿ.

ಅರ್ಧ ದಾರಿಯಲ್ಲಿ ಬೀಳಿಸುತ್ತದೆ

ಮೊದಲ ಎಸೆತದಲ್ಲಿ ಸರಿ ಇದ್ದು ಐದನೆಯದರಲ್ಲಿ ಬೀಳಿಸಿದರೆ ಅದು ಸೆಕೆ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ. ಬಾಯಲ್ಲಿ ವಸ್ತು ಇದ್ದರೆ ಸರಿಯಾಗಿ ಏದಲು ಆಗುವುದಿಲ್ಲ, ಅದಕ್ಕೇ ಉಗುಳುತ್ತದೆ. ಬಿಸಿಲಿನ ಲೆಕ್ಕದಲ್ಲಿ ಕಲಬುರಗಿ ನಮಗಿಂತ ಜೋರು ನಿಜ. ಆದರೆ ಇಲ್ಲಿನ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ನಾಲಿಗೆಯ ನೀರು ಆರುವುದೇ ಇಲ್ಲ. ಅದರಿಂದ ಏದುಸಿರಿಗೆ ಬೇಕಾದ ಫಲ ಸಿಗುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಏಳರ ಒಳಗೆ ಮುಗಿಸಿ, ನಾಲ್ಕೈದು ಎಸೆತ ಸಾಕು. ಪಗ್‌ನಂತಹ ಚಪ್ಪಟೆ ಮೂಗಿನವಕ್ಕೆ ಅದೂ ಬೇಡ. ನಾಲಿಗೆ ಅಗಲವಾಗಿ ಜೋತು, ಜೊಲ್ಲು ಅಂಟಂಟಾಗಿ, ಕಾಲು ತಡವರಿಸಿದರೆ ಆಟದ ಮಾತು ಬಿಡಿ. ನೆರಳಿಗೆ ತಂದು ಮೈ ಪೂರ್ತಿ ನೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ. ಮೊದಲು ತಣಿಸಬೇಕು, ಅದರ ನಂತರ ಪ್ರಯಾಣ.

ಮೊದಲ ಎಸೆತದಿಂದಲೇ ಬೀಳಿಸುತ್ತದೆ ಎಂದಾದರೆ ಹಿಡಿದುಕೊಳ್ಳುವುದನ್ನು ಯಾರೂ ಕಲಿಸಿಲ್ಲ. ಇದನ್ನು ಕೊನೆಯಿಂದ ಹಿಂದಕ್ಕೆ ಕಲಿಸಬೇಕು. ಎಸೆಯುವುದೇ ಬೇಡ. ಕುಳಿತಲ್ಲೇ ಡಮ್ಮಿ ಬಾಯಿಗೆ ಕೊಡಿ, ಒಂದು ಕ್ಷಣ ಹಿಡಿದರೆ ‘ಕೊಡು’ ಎಂದು ತಿಂಡಿ ತೋರಿಸಿ ತೆಗೆದುಕೊಳ್ಳಿ. ಹೊತ್ತು ಸ್ವಲ್ಪ ಸ್ವಲ್ಪ ಏರಿಸಿ. ಆಮೇಲೆ ಒಂದು ಹೆಜ್ಜೆ ದೂರದಿಂದ ತರಲಿ, ಆಮೇಲೆ ಎರಡು. ಕಾಲ ಬುಡದಲ್ಲಿ ಬೀಳಿಸುವ ನಾಯಿಗೂ ಇದೇ ಮದ್ದು. ಬೀಳಿಸಿದ್ದನ್ನು ನೀವು ಎತ್ತಿದರೆ ಅಲ್ಲಿಗೆ ಮುಗಿಯಿತು. ಅದೇ ಎತ್ತಿ ಕೊಡುವವರೆಗೆ ಹಿಂದಕ್ಕೆ ಹಿಂದಕ್ಕೆ ನಡೆಯಿರಿ.

ಬಾಯಿ ಬಿಡದೆ ಕಚ್ಚಿ ಹಿಡಿದುಕೊಂಡರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಕೈ ಸಡಿಲ ಬಿಟ್ಟು, ಅಲ್ಲಾಡದೆ ನಿಂತು, ಮೂಗಿನ ಹತ್ತಿರ ತಿಂಡಿ ಹಿಡಿಯಿರಿ. ಗುರ್ ಅಂದರೆ ಅಲ್ಲಿಗೆ ನಿಲ್ಲಿಸಿ, ತರಬೇತುದಾರರೊಬ್ಬರಿಗೆ ತೋರಿಸಿ.

ಎಸೆಯುವ ಮುನ್ನವೇ ಓಡುತ್ತದೆ

ಇದು ಸಣ್ಣ ತೊಂದರೆ. ಹಾರ್ನೆಸ್ ಹಿಡಿದುಕೊಂಡು ಎಸೆಯಿರಿ, ಚೆಂಡು ನಿಂತ ಮೇಲೆ ಬಿಡಿ. ಆಗಾಗ ಎಸೆದು ನೀವೇ ಹೋಗಿ ತನ್ನಿ. ಎಸೆದದ್ದೆಲ್ಲ ತನ್ನದಲ್ಲ ಎಂದು ಗೊತ್ತಾದರೆ ಕಾಯುತ್ತದೆ.

ಬೀಚಿನಲ್ಲಿ ಮಾತ್ರ ಕೆಡುತ್ತದೆ

ಮನೆಯಲ್ಲಿ ಕಲಿತದ್ದು ಬೀಚಿಗೆ ತಾನಾಗಿ ಬರುವುದಿಲ್ಲ. ನಾಯಿಗೆ ಜಾಗ ಬದಲಾದರೆ ಪಾಠವೂ ಹೊಸದು. ನಡುವೆ ಮೆಟ್ಟಿಲು ಬೇಕು: ಹಿತ್ತಿಲು, ಆಮೇಲೆ ಜನವಿಲ್ಲದ ಓಣಿ, ಆಮೇಲೆ ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಆದ ಖಾಲಿ ಗದ್ದೆ, ಕೊನೆಗೆ ಬೀಚ್. ಪ್ರತಿ ಹೊಸ ಜಾಗದಲ್ಲಿ ದೂರವನ್ನು ಮತ್ತೆ ಐದು ಹೆಜ್ಜೆಗೆ ಇಳಿಸಿ. ಜಾಗವನ್ನೂ ದೂರವನ್ನೂ ಒಟ್ಟಿಗೆ ಏರಿಸಬೇಡಿ.

ಬೀಚಿನಲ್ಲಿಯೂ ಎಲ್ಲ ಕಡೆ ಒಂದೇ ಅಲ್ಲ. ಮೀನು ಒಣಗಿಸುವ ಜಾಗ, ಬಲೆ ರಾಶಿ ಹಾಕಿದ ಜಾಗ ನಾಯಿಯ ಮೂಗಿಗೆ ದೊಡ್ಡ ಜಾತ್ರೆ. ಅಲ್ಲಿ ನಿಮ್ಮ ಬಟ್ಟೆಯ ಡಮ್ಮಿಗೆ ಬೆಲೆ ಇಲ್ಲ. ಪಣಂಬೂರು, ಮಲ್ಪೆಯಲ್ಲಿ ಭಾನುವಾರ ಸಂಜೆ ಪ್ರಯತ್ನ ಪಡುವುದು ನಾಯಿಗೂ ಜನರಿಗೂ ಕಷ್ಟ. ಪಡುಬಿದ್ರಿಯ ಕಿನಾರೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಬಂದಿದೆ. ಆ ನಿಯಮದಲ್ಲಿ ಸಾಕುಪ್ರಾಣಿಗಳಿಗೆ ಕಟ್ಟುನಿಟ್ಟು ಜಾಸ್ತಿ, ಅದನ್ನು ಬಿಟ್ಟುಬಿಡಿ. ವಾರದ ದಿನ, ನಸುಕು, ಜನವಿಲ್ಲದ ತುದಿ, ಹಗ್ಗ ಕಟ್ಟಿ. ಬೀದಿನಾಯಿಗಳ ಗುಂಪು ಕಂಡರೆ ಆ ದಿನ ಎಸೆತ ಬೇಡ. ತಮ್ಮ ಜಾಗದಲ್ಲಿ ಇನ್ನೊಂದು ನಾಯಿ ಓಡಿದರೆ ಅವು ಸುಮ್ಮನಿರುವುದಿಲ್ಲ. ಹೆದರಿದ ನಾಯಿ ಆ ಬೀಚನ್ನೇ ದ್ವೇಷಿಸಲು ಶುರು ಮಾಡುತ್ತದೆ.

ದಡಕ್ಕೆ ಬಂದು ಬಿದ್ದ ಮೀನಿನ ಮೇಲೆ ಕಣ್ಣಿಡಿ. ಬಲೆಯಿಂದ ಬಿಸಾಡಿದ ಉಬ್ಬುಮೀನು, ಅದೇ ಚೆಂಡಿನಂತೆ ಊದಿಕೊಳ್ಳುವುದು, ಕಠೋರ ವಿಷ. ಎಳೆ ನಾಯಿ ಅದನ್ನೇ ‘ತಂದು’ ಕೊಟ್ಟರೂ ಕೊಟ್ಟೀತು. ‘ಬಿಡು’ ಎಂಬ ಮಾತು ಗಟ್ಟಿಯಾಗುವ ಮೊದಲು ಬೀಚ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಉಪ್ಪುನೀರು ಕುಡಿದರೆ ವಾಂತಿ ಭೇದಿ ಆಗುತ್ತದೆ, ಬಾಟಲಿಯಲ್ಲಿ ಸಿಹಿನೀರು ಒಯ್ಯಿರಿ. ಚಳಿಗಾಲದಲ್ಲಿ ನಮ್ಮ ದಡಕ್ಕೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ. ಬೇಲಿ ಕಟ್ಟಿದ ಜಾಗ ಕಂಡರೆ ದೂರದಿಂದಲೇ ತಿರುಗಿ.

ಮಳೆಗಾಲ ಮುಗಿದ ಮೇಲೆ ಎಲ್ಲ ಮರೆತಿದೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ನಾಯಿಯನ್ನು ನೀರಿನ ಬದಿಗೆ ಬಿಡುವ ಪ್ರಶ್ನೆಯೇ ಇಲ್ಲ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ), ಅಂಗಳದಲ್ಲಿ ಪಾಚಿ. ಹಾಗಾಗಿ ನಾಲ್ಕು ತಿಂಗಳು ಅಭ್ಯಾಸ ನಿಂತು ಹೋಗುತ್ತದೆ, ಅಷ್ಟರಲ್ಲಿ ಮರಿ ತುಂಟ ವಯಸ್ಸಿಗೆ ಬಂದಿರುತ್ತದೆ. ಆಮೇಲೆ ಕಲಿತದ್ದು ಮರೆತಿದೆ ಎನ್ನುತ್ತೇವೆ.

ಮಳೆಗಾಲ ಹಿಡಿದುಕೊಳ್ಳುವುದು, ಕೈಗೆ ಕೊಡುವುದು, ಸೀಟಿಗೆ ಬರುವುದು, ಈ ಮೂರಕ್ಕೆ ಹೇಳಿ ಮಾಡಿಸಿದ ಕಾಲ. ಚಾವಡಿ, ಜಗಲಿ, ಫ್ಲ್ಯಾಟಿನ ಕಾರಿಡಾರ್ ಸಾಕು. ಮಳೆ ಬಿಟ್ಟ ಹೊತ್ತು ಹೊರಗೆ ಹೋದರೂ ಹೊಂಡದ ನೀರು ಕುಡಿಯಲು ಬಿಡಬೇಡಿ. ಇಲಿಜ್ವರ ಈ ಜಿಲ್ಲೆಗಳಲ್ಲಿ ಮನುಷ್ಯರಿಗೂ ಬರುತ್ತದೆ, ನಾಯಿಗೂ ಬರುತ್ತದೆ. ನಾಯಿಗೆ ಲಸಿಕೆ ಇದೆ, ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು.

ಚೆಂಡಿನ ಕಡೆ ತಿರುಗಿಯೂ ನೋಡುವುದಿಲ್ಲ

ಆಗಬಹುದು. ಲ್ಯಾಬ್ರಡಾರ್‌ನ್ನು ತಲೆಮಾರುಗಳಿಂದ ತರುವ ಕೆಲಸಕ್ಕೇ ಬೆಳೆಸಿದ್ದಾರೆ. ಮುಧೋಳ ನಾಯಿಯನ್ನು ಬೆಳೆಸಿದ್ದು ಬೇಟೆಯನ್ನು ಕಣ್ಣಿಂದ ಕಂಡು ಅಟ್ಟಲು. ಅದಕ್ಕೆ ಉರುಳಿ ನಿಂತ ಚೆಂಡು ಸತ್ತ ವಸ್ತು. ಹಗ್ಗಕ್ಕೆ ಬಟ್ಟೆ ಕಟ್ಟಿ ಎಳೆದು ಓಡಿಸಿ, ಹಿಡಿದಾಗ ಹೊಗಳಿ. ಅಷ್ಟಕ್ಕೂ ಆಸಕ್ತಿ ಬರದಿದ್ದರೆ ಬಿಟ್ಟುಬಿಡಿ, ಸೀಟಿಗೆ ಬಂದರೆ ಸಾಕು. ಊರ ನಾಯಿಗಳಲ್ಲಿ ಎರಡೂ ಬಗೆಯವು ಸಿಗುತ್ತವೆ, ಮೊದಲೇ ಹೇಳಲಾಗದು.

ಹಗ್ಗ ಬಿಚ್ಚುವುದು ಯಾವಾಗ?

ಒಂದೇ ಜಾಗದಲ್ಲಿ ಚೆನ್ನಾಗಿ ತಂದಿತು ಎಂದು ಬಿಚ್ಚಬೇಡಿ. ಮೂರು ನಾಲ್ಕು ಬೇರೆ ಬೇರೆ ಜಾಗಗಳಲ್ಲಿ, ಹಗ್ಗ ಒಮ್ಮೆಯೂ ಬಿಗಿಯಾಗದೆ, ಒಂದೇ ಸೀಟಿಗೆ ಬಂದರೆ ಹಗ್ಗವನ್ನು ಐದು ಮೀಟರಿಗೆ ಕತ್ತರಿಸಿ. ಆಮೇಲೆ ಎರಡಕ್ಕೆ. ಕೊನೆಗೆ ಗೇಣುದ್ದದ ತುಂಡು ಮಾತ್ರ ಹಾರ್ನೆಸ್‌ನಲ್ಲಿ ಉಳಿಯಲಿ. ಮಧ್ಯೆ ಒಂದು ದಿನ ಚೆಂಡು ಹಿಡಿದು ಓಡಿಹೋದರೆ ಬೈಯಬೇಡಿ. ಮರುದಿನ ಹತ್ತು ಮೀಟರಿನ ಹಗ್ಗಕ್ಕೆ, ಐದು ಹೆಜ್ಜೆಯ ದೂರಕ್ಕೆ ವಾಪಸ್ ಹೋಗಿ. ರಸ್ತೆ ಕಾಣುವ ಜಾಗದಲ್ಲಿ ಮಾತ್ರ ಎಷ್ಟೇ ಚೆನ್ನಾಗಿ ಕಲಿತಿದ್ದರೂ ಹಗ್ಗ ಬಿಚ್ಚಬೇಡಿ.